ರಾತ್ರಿ ಕಾಲು ಸೆಳೆದರೆ ತಪ್ಪು ಊಟದ್ದೇ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ರಾತ್ರಿ ಕಾಲು ಸೆಳೆಯತೊಡಗಿದರೆ ಮೊದಲು ಅನುಮಾನ ಬೀಳುವುದು ಊಟದ ಮೇಲೆ. ಆಲೂಗಡ್ಡೆ ವಾಯು, ಅವರೆಕಾಳು ವಾಯು ಎಂಬ ತೀರ್ಪು ಮನೆಯಲ್ಲೇ ಆಗಿಬಿಡುತ್ತದೆ. ಹಾಗೆ ಅನುಮಾನಿಸುವುದರಲ್ಲಿ ತಪ್ಪೇನಿಲ್ಲ. ಅದನ್ನು ಪರೀಕ್ಷಿಸಿ ನೋಡುವವರು ಮಾತ್ರ ಕಡಿಮೆ.

ಇಲ್ಲಿ ಹೇಳುತ್ತಿರುವುದು ಮೀನಖಂಡ ಗಟ್ಟಿಯಾಗಿ ಹಿಡಿದುಕೊಳ್ಳುವ ಸಾಮಾನ್ಯ ಸೆಳೆತದ ಬಗ್ಗೆ ಅಲ್ಲ. ಕಾಲಿನೊಳಗೆ ಏನೋ ಹರಿದಾಡಿದಂತಾಗಿ, ಆಡಿಸದೆ ಇರಲಾಗದ ತೊಂದರೆಯ ಬಗ್ಗೆ. ಸುಮ್ಮನೆ ಕೂತಾಗ, ಮಲಗಿದಾಗ ಅದು ಶುರುವಾಗುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಗ್ಗುತ್ತದೆ. ಸಂಜೆಯ ಮೇಲೆ ಹೆಚ್ಚುತ್ತದೆ. ಬೆಂಗಳೂರಿನ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರುವುದು ಇವರಿಗೆ ದೊಡ್ಡ ಶಿಕ್ಷೆ. ಸ್ವೀಡನ್ನಿನ ವೈದ್ಯ ಕಾರ್ಲ್ ಆಕ್ಸೆಲ್ ಎಕ್‌ಬಾಮ್ 1945ರಲ್ಲಿ ಇದನ್ನು ವಿವರವಾಗಿ ದಾಖಲಿಸಿ ‘ರೆಸ್ಟ್‌ಲೆಸ್ ಲೆಗ್ಸ್’ ಎಂದು ಕರೆದರು.

ಮೂಲ ಇರುವುದು ಕಾಲಿನಲ್ಲಲ್ಲ, ಮಿದುಳಿನಲ್ಲಿ ಎಂಬುದು ಈಗಿನ ತಿಳಿವಳಿಕೆ. ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ತಯಾರಾಗಲು ಕಬ್ಬಿಣದ ಅಂಶ ಬೇಕು. ಮಿದುಳಿಗೆ ಕಬ್ಬಿಣ ಸಾಲದಾದಾಗ ಆ ಹದ ತಪ್ಪುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದ ಮಾತ್ರಕ್ಕೆ ಕಬ್ಬಿಣವೂ ಸಾಕಷ್ಟಿದೆ ಎನ್ನುವಂತಿಲ್ಲ. ಹಿಮೋಗ್ಲೋಬಿನ್ ದಿನದ ಖರ್ಚಿನ ಜೇಬಿದ್ದಂತೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ಪೆಟ್ಟಿಗೆಯಲ್ಲಿಟ್ಟ ದುಡ್ಡಿದ್ದಂತೆ; ಮೊದಲು ಬರಿದಾಗುವುದು ಪೆಟ್ಟಿಗೆ. ಈ ತೊಂದರೆ ಇರುವವರಲ್ಲಿ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೊಗ್ರಾಂಗಿಂತ ಹೆಚ್ಚಿಲ್ಲದಿದ್ದರೆ, ಲ್ಯಾಬ್ ವರದಿ ‘ನಾರ್ಮಲ್’ ಎಂದರೂ ತಜ್ಞರು ಕಬ್ಬಿಣದ ಮಾತ್ರೆಯ ಯೋಚನೆ ಮಾಡುತ್ತಾರೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿತ್ತು. ನಮ್ಮ ಕಡೆ ಕಬ್ಬಿಣದ ಮಾತು ಮೊದಲು ಬರಬೇಕಾದದ್ದು ಅದಕ್ಕೇ.

ಊಟದ ಪಾತ್ರ ಬಹುಪಾಲು ಇಲ್ಲಿಂದಲೇ ಶುರು. 1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ 39ರಷ್ಟು, ಟೀ ಶೇ 64ರಷ್ಟು ತಗ್ಗಿಸಿತ್ತು. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದ ಕಾಫಿಯೂ ಅಷ್ಟೇ ತಡೆಯಿತು. ಒಂದು ಗಂಟೆ ಮುಂಚೆ ಕುಡಿದದ್ದು ತಡೆಯಲಿಲ್ಲ. ಸಕಲೇಶಪುರ, ಬೇಲೂರಿನ ಕಾಫಿ ತೋಟಗಳ ಮಗ್ಗುಲಲ್ಲೇ ಇರುವ ನಮಗೆ ಇದು ರುಚಿಸುವ ಸುದ್ದಿಯಲ್ಲ. ರಾಗಿಯಲ್ಲೂ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್, ಒಗರಿಗೆ ಕಾರಣವಾದ ಟ್ಯಾನಿನ್ ಇವೆ. ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. ಸಾರಿಗೆ ಹಿಂಡಿದ ನಿಂಬೆಹುಳಿ ಹೀರಿಕೆಯನ್ನು ಹೆಚ್ಚಿಸುತ್ತದೆ.

ಆಹಾರ ‘ಒಗ್ಗದಿರುವುದು’ ಬೇರೆ ವಿಷಯ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ದಕ್ಷಿಣ ಭಾರತದ ಬಹಳಷ್ಟು ವಯಸ್ಕರಿಗೆ ಪೂರ್ತಿ ಜೀರ್ಣವಾಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ. ಅದರಿಂದಲೇ ಕಾಲು ಸೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಗೋಧಿಯ ಅಂಟು ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಮಾತ್ರ ಕರುಳು ಹಾಳಾಗಿ ಕಬ್ಬಿಣದ ಹೀರಿಕೆ ಕುಸಿಯುವುದರಿಂದ ನಂಟು ಸ್ಪಷ್ಟ. ಅಕ್ಕಿ, ರಾಗಿ ಉಣ್ಣುವ ಸೀಮೆಯಲ್ಲಿ ಅದು ವಿರಳ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಈ ತೊಂದರೆ ತಾನಾಗಿಯೇ ಏರಿಳಿಯುತ್ತದೆ. ಅದಕ್ಕೇ ಒಂದೆರಡು ರಾತ್ರಿಯ ಲೆಕ್ಕ ನಂಬಬಾರದು. ಮೊದಲು ಎರಡು ವಾರ ಏನನ್ನೂ ಬದಲಿಸದೆ ತಿಂದದ್ದು, ನುಂಗಿದ ಮಾತ್ರೆ, ರಾತ್ರಿಯ ಕಾಟಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡಬೇಕು. ಆಮೇಲೆ ಒಂದೇ ಒಂದು ಪದಾರ್ಥವನ್ನು ಎರಡು-ಮೂರು ವಾರ ಬಿಟ್ಟು, ಮತ್ತೆ ತಿಂದು ನೋಡಬೇಕು. ಬಿಟ್ಟಾಗ ತಗ್ಗಿ, ತಿಂದಾಗ ಮರಳಿ, ಇನ್ನೊಂದು ಸಲವೂ ಹಾಗೇ ಆದರೆ ಅನುಮಾನಕ್ಕೆ ಬಲ ಬರುತ್ತದೆ. ಮಾತ್ರೆಯನ್ನೂ ಬರೆಯಿರಿ ಎಂದದ್ದಕ್ಕೆ ಕಾರಣವಿದೆ: ನಿದ್ದೆ ಬರಿಸುವ ಕೆಲವು ನೆಗಡಿ ಮಾತ್ರೆಗಳು, ವಾಂತಿ ನಿಲ್ಲಿಸುವ ಕೆಲವು ಔಷಧಗಳು, ಹಲವು ಖಿನ್ನತೆಯ ಮಾತ್ರೆಗಳು ಈ ಕಾಟವನ್ನು ಹೆಚ್ಚಿಸಬಲ್ಲವು. ಆ ರಾತ್ರಿಯ ಅವರೆಕಾಳಿಗೆ ಸುಮ್ಮನೆ ಕೆಟ್ಟ ಹೆಸರು ಬಂದಿರಬಹುದು. ಯಾವ ಆಹಾರ ಒಗ್ಗದು ಎಂದು ಹೇಳಲು ಮಾಡುವ ದುಬಾರಿ ‘ಐಜಿಜಿ’ ರಕ್ತಪರೀಕ್ಷೆಯನ್ನು ಅಲರ್ಜಿ ತಜ್ಞರು ಒಪ್ಪುವುದಿಲ್ಲ. ಅದು ತೋರಿಸುವುದು ನೀವು ಏನು ತಿಂದಿದ್ದೀರಿ ಎಂಬುದನ್ನಷ್ಟೇ.

ನನ್ನನ್ನು ಕೇಳಿದರೆ ಫೆರಿಟಿನ್ ಪರೀಕ್ಷೆ ಮೊದಲು, ಸಂಜೆಯ ಕಾಫಿ ಬಿಟ್ಟು ನೋಡುವುದು ಆಮೇಲೆ. ಹಾಲು, ಮುದ್ದೆಯ ಸರದಿ ಎಲ್ಲಕ್ಕಿಂತ ಕೊನೆಗೆ. ಎರಡನ್ನೂ ಒಟ್ಟಿಗೆ ಬಿಟ್ಟವರಿಗೆ ಕ್ಯಾಲ್ಸಿಯಂ ಕೊರತೆ ತಪ್ಪುವುದು ಕಷ್ಟ. ಕಬ್ಬಿಣದ ಮಾತ್ರೆಯನ್ನೂ ವರದಿ ನೋಡದೆ ಅಂಗಡಿಯಿಂದ ತಂದು ನುಂಗುವಂತಿಲ್ಲ, ಮೈಯಲ್ಲಿ ಹೆಚ್ಚಾಗಿ ಕೂತ ಕಬ್ಬಿಣ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಊಟದ ಪ್ರಯೋಗಕ್ಕೆ ಇಳಿಯುವ ಮುನ್ನವೇ ವೈದ್ಯರನ್ನು ಕಾಣಬೇಕು. ಇಬ್ಬರಲ್ಲೂ ಈ ಕಾಟ ಉಳಿದವರಿಗಿಂತ ಹೆಚ್ಚು.