ಚೀಲದಾಗಿನ ಬೂದಿಗಿ ಯಾಕ ಅಂಜ್ತೀರಿ?



ವಾಡಿ, ಮಳಖೇಡ, ಸೇಡಂ ಅಂದರೆ ಸಾಕು, ಕಲಬುರಗಿ ಜಿಲ್ಲೆಯವರಾದ ನಮಗೆ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಣ್ಣ ಮುಂದೆ ಬರುತ್ತದೆ. “ಆ ಹೊಗಿಯಿಂದೇ ಭೂಮಿ ಕಾಯಲತ್ತದ” ಎಂದು ಪರಿಸರ ದಿನದ ಭಾಷಣದಲ್ಲಿ ಹೇಳುತ್ತೇವೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಈ ಮಾತು ಅರ್ಧ ಮಾತ್ರ ಖರೆ. ಕಣ್ಣಿಗೆ ಕಾಣುವ ಧೂಳು, ಹೊಗೆ ಬೇರೆ. ಭೂಮಿಯನ್ನು ಕಾಯಿಸುವ ಇಂಗಾಲದ ಡೈಆಕ್ಸೈಡ್ ಬೇರೆ, ಅದು ಕಾಣುವುದೇ ಇಲ್ಲ. ಧೂಳು ಹಿಡಿಯುವ ಯಂತ್ರ ಕೂಡಿಸಿದರೆ ಧೂಳು ನಿಂತೀತು, ಈ ಅನಿಲ ನಿಲ್ಲದು.

ಇದು ಎಲ್ಲಿಂದ ಬರುತ್ತದೆ? ಕಲ್ಲಿದ್ದಲಿನಿಂದ ಎನ್ನುತ್ತೀರಿ. ಹೌದು, ಆದರೆ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿನೊಳಗಿಂದಲೇ! ನಮ್ಮ ಮನೆಗಳಲ್ಲಿ ಹಾಸಿರುವ ಶಹಾಬಾದಿ ಪರ್ಸಿ ಇದೆಯಲ್ಲ, ಅದು ಸುಣ್ಣಕಲ್ಲು. ಅಂಥದೇ ಕಲ್ಲನ್ನು ಪುಡಿಮಾಡಿ, ಮಣ್ಣು ಕೂಡಿಸಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ತನಕ ಸುಟ್ಟಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ಸಿಗುತ್ತವೆ. ಅದಕ್ಕೆ ಸ್ವಲ್ಪ ಜಿಪ್ಸಂ ಹಾಕಿ ಬೀಸಿದರೆ ಸಿಮೆಂಟ್. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ. ಬಾಕಿ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು! ಕಲ್ಲಿದ್ದಲು ಬಿಟ್ಟು ನಮ್ಮ ಮೇ ತಿಂಗಳ ಬಿಸಿಲಿನಲ್ಲೇ ಕಲ್ಲು ಸುಡುವ ಹಾಗಿದ್ದರೂ ಈ 44 ಕಿಲೋ ತಪ್ಪದು. ಕಾರ್ಖಾನೆ ಸುತ್ತ ಬೇವಿನ ಸಸಿ ನೆಡುವುದು, ಛಾವಣಿ ಮೇಲೆ ಸೋಲಾರ್ ಕೂಡಿಸುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಕಲ್ಲಿನ ಲೆಕ್ಕ ಮಾತ್ರ ಅದರಿಂದ ಮುಗಿಯುವುದಿಲ್ಲ.

ಜಗತ್ತಿನಲ್ಲಿ ಮನುಷ್ಯರು ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ ಏಳರ ಆಸುಪಾಸು ಸಿಮೆಂಟಿನದು. ಚೀನಾ ಬಿಟ್ಟರೆ ಅತಿ ಹೆಚ್ಚು ಸಿಮೆಂಟ್ ಮಾಡುವ ದೇಶ ನಮ್ಮದೇ.

ಹಾಗಾದರೆ ಕಾರ್ಖಾನೆ ಬಂದ್ ಮಾಡಬೇಕೇ? ಹಾಗೆ ಬರೆಯುವುದು ಸುಲಭ. ಆದರೆ ಈ ಗೋಡೆಯ ಮುಂದೆ ನಿಂತು ಓದುವವರಲ್ಲಿ ಎಷ್ಟು ಮಂದಿಯ ಅಪ್ಪ, ಕಾಕಾ ಅಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾರೆ ಎಂಬುದು ನಿಮಗೇ ಗೊತ್ತು. ಸಿಮೆಂಟ್ ಇಲ್ಲದೆ ಸೇತುವೆಯೂ ಇಲ್ಲ, ಶಾಲೆಯ ಕೋಣೆಯೂ ಇಲ್ಲ. ನಾನು ಹೇಳುವುದಿಷ್ಟೇ: ಸಿಮೆಂಟ್ ಇರಲಿ, ಅದರೊಳಗಿನ ಕ್ಲಿಂಕರ್ ಕಡಿಮೆ ಆಗಲಿ.

ಇದಕ್ಕೆ ದಾರಿ ಈಗಾಗಲೇ ಅಂಗಡಿಯಲ್ಲೇ ಇದೆ. ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದ ಮೇಲೆ ಹಾರುಬೂದಿ ಉಳಿಯುತ್ತದೆ. ಇದನ್ನು ನೂರಕ್ಕೆ 15ರಿಂದ 35ರ ತನಕ ಬೆರೆಸಿದ ಸಿಮೆಂಟಿಗೆ ಪಿ.ಪಿ.ಸಿ. ಎಂದು ಹೆಸರು. ಒಂದು ಕಿಲೋ ಕ್ಲಿಂಕರ್ ತಯಾರಾಗುವಾಗ, ಕಲ್ಲು ಮತ್ತು ಉರುವಲು ಎರಡೂ ಸೇರಿ, 800ರಿಂದ 900 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. 50 ಕಿಲೋ ಚೀಲದಲ್ಲಿ 15 ಕಿಲೋ ಬೂದಿ ಇದ್ದರೆ ಅಷ್ಟು ಕ್ಲಿಂಕರ್ ಉಳಿಯಿತು, ಅಂದರೆ ಸುಮಾರು 12 ಕಿಲೋ ಅನಿಲ ಉಳಿಯಿತು. ನೂರು ಚೀಲಕ್ಕೆ 1200 ಕಿಲೋ! ಗುಣಿಸಿ ನೋಡಿ ಬೇಕಾದರೆ.

ದೇಶದಲ್ಲಿ ಮಾರುವ ಸಿಮೆಂಟಿನಲ್ಲಿ ಹೆಚ್ಚಿನ ಪಾಲು ಇಂಥ ಮಿಶ್ರ ಸಿಮೆಂಟೇ. ಆದರೂ ಮನೆ ಕಟ್ಟುವಾಗ ಗೌಂಡಿ ಅಣ್ಣಾರು ಏನಂತಾರೆ? “ಅದು ಬೂದಿ ಕಲಬೆರಕೆ ಮಾಲರೀ, 53 ಗ್ರೇಡ್ ತರ್ರಿ.” ಅವರ ಅನುಭವವನ್ನು ಹಗುರ ಮಾಡುವ ಹಾಗಿಲ್ಲ. ಬೂದಿ ಸಿಮೆಂಟ್ ಮೊದಲ ಕೆಲವು ದಿನ ನಿಧಾನವಾಗಿ ಗಟ್ಟಿಯಾಗುತ್ತದೆ, ಇದು ನಿಜ. ಸಿಮೆಂಟಿಗೆ ನೀರು ಬಿದ್ದಾಗ ಬಿಡುಗಡೆಯಾಗುವ ಸುಣ್ಣದ ಜೊತೆ ಬೂದಿ ಕೂಡಿ ಬಲ ಬರಬೇಕು, ಅದಕ್ಕೆ ವೇಳೆ ಬೇಕು. ಆದರೆ ತಿಂಗಳು ಕಳೆದ ಮೇಲೂ ಬಲ ಏರುತ್ತಲೇ ಇರುತ್ತದೆ, ಸಂದುಗಳು ಮುಚ್ಚಿ ನೀರು ಇಳಿಯುವುದೂ ಕಡಿಮೆ. ಒಂದೇ ಷರತ್ತು, ನೀರು ಹೊಡೆಯಬೇಕು. ನಮ್ಮಂಥ ಬಿಸಿ, ಒಣ ಹವೆಯಲ್ಲಿ ಸಾದಾ ಸಿಮೆಂಟಿಗೆ 10 ದಿನ, ಮಿಶ್ರ ಸಿಮೆಂಟಿಗೆ 14 ದಿನ ಬೇಕೆಂದು 2000ದ ಭಾರತೀಯ ಮಾನಕ 456ರಲ್ಲಿದೆ. ನಾಲ್ಕು ದಿನ ಹೊಡೆದು ಬಿಟ್ಟರೆ ಯಾವ ಸಿಮೆಂಟೂ ಉಳಿಯದು. ಆಮೇಲೆ ಬಿರುಕು ಬಿಟ್ಟಾಗ ಬೈಗುಳ ಮಾತ್ರ ಬೂದಿಗೆ! ಬೇಸಿಗೆಯಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಗೋಡೆಗೆ ಎಲ್ಲಿಂದ ತರೋಣ ಅಂದರೆ ಅದೂ ನ್ಯಾಯದ ಮಾತೇ. ಸ್ಲ್ಯಾಬ್ ಕೆಲಸವನ್ನು ಮಳೆ ಮುಗಿದ ಮೇಲೆ ಇಟ್ಟುಕೊಳ್ಳಬೇಕು, ಗೋಣಿಚೀಲ ಹೊದಿಸಿ ತೇವ ಹಿಡಿಯಬೇಕು.

ಇನ್ನೊಂದು ತೊಡಕು ಇದೆ. ಕಲ್ಲಿದ್ದಲು ಸುಡುವುದೂ ಮುಂದೆ ಕಡಿಮೆಯಾಗಬೇಕಲ್ಲವೇ? ಆಗ ಬೂದಿ ಎಲ್ಲಿಂದ? ಉಕ್ಕಿನ ಕುಲುಮೆಯ ಕಿಟ್ಟವನ್ನೂ ಬೆರೆಸುತ್ತಾರೆ, ಅದಕ್ಕೂ ಇದೇ ಪ್ರಶ್ನೆ. ಇಲ್ಲಿ ನಮ್ಮ ಹಿರಿಯರ ಸುರ್ಕಿ ನೆನಪಾಗುತ್ತದೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿ ಕಲಸಿದ ಸುರ್ಕಿ ಗಾರೆಯಿಂದ. ಈಗ ಸ್ವಿಟ್ಜರ್ಲೆಂಡ್, ಕ್ಯೂಬಾ ಮತ್ತು ನಮ್ಮ ದೆಹಲಿ, ಮದ್ರಾಸ್ ಐ.ಐ.ಟಿ.ಗಳ ವಿಜ್ಞಾನಿಗಳು ಬೆಳೆಸಿದ ಎಲ್‌ಸಿ3 ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧದಷ್ಟೇ. ಉಳಿದದ್ದು ಮುಖ್ಯವಾಗಿ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣಕಲ್ಲಿನ ಪುಡಿ. ಜೇಡಿಯನ್ನು 800 ಡಿಗ್ರಿ ಆಸುಪಾಸು ಸುಟ್ಟರೆ ಸಾಕು, ಅದರೊಳಗಿಂದ ಹೊರಡುವುದು ನೀರಿನ ಆವಿ, ಇಂಗಾಲವಲ್ಲ. ಎಲ್ಲ ಮಣ್ಣೂ ಆಗದು, ನಮ್ಮ ಎರೆಮಣ್ಣು ಅಷ್ಟು ಒಗ್ಗುವುದಿಲ್ಲ, ಕಯೋಲಿನ್ ಇರುವ ಜೇಡಿ ಬೇಕು. ಇದಕ್ಕೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ನಾರ್ವೆಯ ಬ್ರೆವಿಕ್‌ನ ಕಾರ್ಖಾನೆಯಲ್ಲಿ 2025ರಿಂದ ಚಿಮಣಿಯ ಅನಿಲವನ್ನೇ ಹಿಡಿದು ಸಮುದ್ರದ ತಳದ ಕೆಳಗೆ ಇಳಿಸುತ್ತಿದ್ದಾರೆ. ಅದು ಬಹಳ ರೊಕ್ಕದ ಕೆಲಸ, ಅದೂ ಹಿಡಿಯುವುದು ಅರ್ಧದಷ್ಟು. ಅಗ್ಗದ್ದನ್ನು ಮೊದಲು ಮಾಡೋಣ.

ಕಾರ್ಖಾನೆ ವ್ಯಾಪಾರದ್ದು. ಗಿರಾಕಿ ಕೇಳಿದ್ದನ್ನು ಅದು ಮಾಡುತ್ತದೆ. ರಸ್ತೆ, ಕಾಲುವೆ, ಶಾಲೆ ಕಟ್ಟಿಸುವ ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಯಾರು? ನಮ್ಮ ಶಾಲೆಗೂ ಹೊಸ ಕೋಣೆಯ ಮಾತು ನಡೆದಿದೆ. ಎಸ್.ಡಿ.ಎಂ.ಸಿ. ಹಿರಿಯರಲ್ಲಿ ವಿನಂತಿ: ಕಂತ್ರಾಟದಾರರ ಕರಾರಿನಲ್ಲಿ ಪಿ.ಪಿ.ಸಿ. ಎಂದೂ 14 ದಿನ ನೀರು ಎಂದೂ ಬರೆಸಿರಿ. ಇವತ್ತು ನೀರು ಹೊಡೆದರೋ ಇಲ್ಲವೋ ಎಂಬುದನ್ನು ದಿನಾಲೂ ಈ ಗೋಡೆಯ ಮೇಲೆ ಬರೆಯುವ ಕೆಲಸ ಹತ್ತನೇ ಇಯತ್ತೆಯವರಾದ ನಮ್ಮದು, ರವಿವಾರ ಸಹ.