ಕೊಡುಮುಡಿಯ ಸುಂದರಾಂಬಾಳ್

ಕಾವೇರಿಯು ನಮ್ಮ ನಾಡನ್ನು ದಾಟಿ ತಮಿಳುನಾಡಿಗೆ ಇಳಿದ ಮೇಲೆ ಅದರ ದಡದಲ್ಲಿ ಕೊಡುಮುಡಿಯೆಂಬ ಊರು ಸಿಕ್ಕುವುದು. ೧೯೦೮ರಲ್ಲಿ ಅಲ್ಲಿಯ ಬಡ ಕುಟುಂಬವೊಂದರಲ್ಲಿ ಜನಿಸಿದ ಕೆ. ಬಿ. ಸುಂದರಾಂಬಾಳರು ಮೊದಮೊದಲು ಹಾಡಿದುದು ಯಾವ ಸಭೆಯಲ್ಲಿಯೂ ಅಲ್ಲ; ಹೊಟ್ಟೆಯ ಪಾಡಿಗಾಗಿ ರೈಲುಗಾಡಿಗಳಲ್ಲಿ. ಆ ಕಂಠವೇ ಬಾಲಕಿಯನ್ನು ನಾಟಕ ಮಂಡಲಿಗೆ ಸೇರಿಸಿತು.

ಧ್ವನಿವರ್ಧಕಗಳಿಲ್ಲದ ಕಾಲವದು. ನಟರು ಮಾತಿಗಿಂತ ಹಾಡಿನಿಂದಲೇ ಕಥೆಯನ್ನು ನಡೆಯಿಸಬೇಕು. ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಅಕ್ಷರ ಅಕ್ಷರವೂ ತಿಳಿಯಬೇಕು. ಈಗಿನವರು ಸುಂದರಾಂಬಾಳರ ಮುದ್ರಿಕೆಗಳನ್ನು ಕೇಳಿ, ಇಷ್ಟು ಎತ್ತರದ ಶ್ರುತಿಯಲ್ಲಿ ಏಕೆ ಹಾಡಬೇಕಿತ್ತು ಎನ್ನುವುದುಂಟು. ಅವರು ಆ ಕಡೆಯ ಸಾಲಿನವನನ್ನು ಮರೆತಿರುತ್ತಾರೆ!

ಸಿಂಹಳದಲ್ಲಿ ನಾಟಕವಾಡಲು ಹೋದಾಗ ಎಸ್. ಜಿ. ಕಿಟ್ಟಪ್ಪನವರ ಜೊತೆಯಾಯಿತು. ತಮಿಳು ರಂಗದಲ್ಲಿ ಆ ಗಾಯಕನಿಗೆ ಎಣೆಯಿರಲಿಲ್ಲ. ೧೯೨೭ರಲ್ಲಿ ಇಬ್ಬರಿಗೂ ವಿವಾಹವಾಯಿತು. ಜನರು ಮುಗಿಬಿದ್ದು ನೋಡುತ್ತಿದ್ದ ಆ ಜೋಡಿಯು ಮನೆಯೊಳಗೆ ಸುಖವನ್ನು ಕಾಣಲಿಲ್ಲ. ಕಿಟ್ಟಪ್ಪನವರಿಗೆ ಮೊದಲೇ ಮದುವೆಯಾಗಿತ್ತು, ಜಾತಿಯೂ ಬೇರೆ. ಮನಸ್ತಾಪ ಬೆಳೆದು ಅಗಲಿಕೆಯೂ ಆಯಿತು. ೧೯೩೩ರಲ್ಲಿ ಅವರು ತೀರಿಕೊಂಡಾಗ ಮೂವತ್ತು ತುಂಬಿರಲಿಲ್ಲ. ಸುಂದರಾಂಬಾಳರಿಗೆ ಇಪ್ಪತ್ತೈದು.

ಅಂದು ಉಟ್ಟ ಬಿಳಿಯ ಸೀರೆಯನ್ನು ಆಕೆ ಮತ್ತೆ ಬಿಡಲಿಲ್ಲ. ಇನ್ನು ಯಾವ ಪುರುಷನಿಗೂ ಜೋಡಿಯಾಗಿ ನಟಿಸುವುದಿಲ್ಲವೆಂದು ಶಪಥ ಮಾಡಿದರು. ಇದನ್ನು ಸ್ತ್ರೀಯರೆಲ್ಲರಿಗೂ ಆದರ್ಶವೆಂದು ಹೊಗಳಲು ನಮಗೆ ಮನಸ್ಸಿಲ್ಲ. ನಾಯಿಕೆಯ ವೇಷದಿಂದಲೇ ಅನ್ನ ಕಂಡ ನಟಿಗೆ ಅದು ಕಸುಬಿನ ಬಾಗಿಲನ್ನು ತಾನೇ ಮುಚ್ಚಿಕೊಂಡಂತೆ.

ಆದರೆ ಬಾಗಿಲು ಮುಚ್ಚಲಿಲ್ಲ. ಚಲಚ್ಚಿತ್ರದವರು ಬೆನ್ನುಹತ್ತಿದಾಗ, ಅವರು ಹಿಂದೆಗೆಯಲಿ ಎಂದೇ ಆಕೆ ಒಂದು ಲಕ್ಷ ರೂಪಾಯಿ ಕೇಳಿದರೆಂದು ಹೇಳುತ್ತಾರೆ, ಅವರು ಕೊಟ್ಟೇಬಿಟ್ಟರು! ೧೯೩೫ರ ಆ ಚಿತ್ರದಲ್ಲಿ ಆಕೆ ಧರಿಸಿದುದು ಪುರುಷ ವೇಷ, ಶಿವಭಕ್ತ ನಂದನಾರನದು. ಜಮೀನುದಾರನ ಪಾತ್ರದಲ್ಲಿ ಸಂಗೀತ ವಿದ್ವಾಂಸ ಮಹಾರಾಜಪುರಂ ವಿಶ್ವನಾಥ ಅಯ್ಯರ್ ಇದ್ದರು. ೧೯೪೦ರಲ್ಲಿ ‘ಮಣಿಮೇಕಲೈ’, ಅಲ್ಲಿಯೂ ಸಂಸಾರ ತೊರೆದವಳ ಕಥೆ. ೧೯೫೩ರಲ್ಲಿ ಜೆಮಿನಿಯವರ ‘ಅವ್ವೈಯಾರ್’ ಬಂದಿತು. ಕೋಲು ಹಿಡಿದ ಮುದುಕಿ ಕವಯಿತ್ರಿಯ ಈ ಪಾತ್ರಕ್ಕೆ ನಾಯಕನೇ ಬೇಡ. ತಾರುಣ್ಯ ಕಳೆದ ನಟಿಯರು ಮೂಲೆಗುಂಪಾಗುವ ವಯಸ್ಸಿನಲ್ಲಿ ಆಕೆ ಮನೆಮಾತಾದರು.

ಸ್ವಾತಂತ್ರ್ಯಕ್ಕೆ ಮುಂಚೆ ಕಾಂಗ್ರೆಸ್ಸಿನ ವೇದಿಕೆಗಳಲ್ಲಿ ಹಾಡಿ ಜನರನ್ನು ಸೇರಿಸಿದ್ದ ಆಕೆಯನ್ನು ೧೯೫೮ರಲ್ಲಿ ಮದರಾಸಿನ ವಿಧಾನ ಪರಿಷತ್ತಿಗೆ ನೇಮಿಸಲಾಯಿತು. ೧೯೬೪ರ ‘ಪೂಂಪುಹಾರ್’ನಲ್ಲಿ ಜೈನ ಸಂನ್ಯಾಸಿನಿಯಾಗಿ, ಮರುವರ್ಷ ‘ತಿರುವಿಳೈಯಾಡಲ್’ನಲ್ಲಿ ಮತ್ತೆ ಅವ್ವೈಯಾರಳಾಗಿ ಹಾಡಿದರು. ೧೯೭೦ರಲ್ಲಿ ಪದ್ಮಶ್ರೀ ಬಂದಿತು. ೧೯೮೦ರಲ್ಲಿ ಕಾಲವಾದಾಗ ಕಿಟ್ಟಪ್ಪನವರನ್ನು ಕಳೆದುಕೊಂಡು ನಲವತ್ತಾರು ವರ್ಷಗಳು ಸಂದಿದ್ದವು.