ಮೇಪಲ್ ಸಿರಪ್: ಪಾತ್ರೆ ಅಗ್ಗ, ಆವಿ ದುಬಾರಿ

ಮೇಪಲ್ ಸಿರಪ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಸೂಪರ್ ಮಾರ್ಕೆಟ್‌ನ ದುಬಾರಿ ಬಾಟಲಿ ಅಷ್ಟೇ. ಕೆನಡಾದ ಕ್ವಿಬೆಕ್, ಅಮೆರಿಕದ ವರ್ಮಾಂಟ್ ಕಡೆ ಹಿತ್ತಲಲ್ಲಿ ನಾಲ್ಕು ಶುಗರ್ ಮೇಪಲ್ ಮರ ಇರೋರು ಅದನ್ನ ಮನೆಯಲ್ಲೇ ಕಾಯಿಸ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರ ರಸ ಇಳಿಯುತ್ತೆ. ಸಾಮಾನು ಏನು ಬೇಕು? 8 ಮಿ.ಮೀ. ಡ್ರಿಲ್ ಬಿಟ್, ಒಂದು ನಳಿಕೆ, ಮುಚ್ಚಳ ಇರೋ ಬಕೆಟ್, ಸಿಮೆಂಟ್ ಇಟ್ಟಿಗೆ ಜೋಡಿಸಿದ ಒಲೆ, ಮೇಲೊಂದು ಅಗಲವಾದ ಸ್ಟೀಲ್ ಟ್ರೇ.

ಇಷ್ಟಕ್ಕೇ ಇದನ್ನ ‘ಅಗ್ಗದ ವಿಧಾನ’ ಅಂತ ಕರೆಯೋದಕ್ಕೆ ನಮ್ಮ ತಕರಾರಿದೆ. ಲೆಕ್ಕ ಹಾಕೋಣ. ರಸದಲ್ಲಿ ಸಕ್ಕರೆ ಸುಮಾರು ಶೇ. 2, ಸಿರಪ್‌ನಲ್ಲಿ ಶೇ. 66. ಅಂದ್ರೆ 1 ಲೀಟರ್ ಸಿರಪ್‌ಗೆ ಸುಮಾರು 40 ಲೀಟರ್ ರಸ. ಉಳಿದ 39 ಲೀಟರ್ ಬರೀ ನೀರು, ಆವಿಯಾಗಿ ಹೋಗಬೇಕು. ಕೆ.ಜಿ.ಗೆ 2257 ಕಿಲೋಜೂಲ್ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ. ರಸ ಬಿಸಿ ಮಾಡೋದೂ ಸೇರಿದ್ರೆ 100 ಮೆಗಾಜೂಲ್ ದಾಟುತ್ತೆ. ಅರ್ಧ ಶಾಖ ಪೋಲಾಗುತ್ತೆ ಅಂತ ಹಿಡಿದರೆ, ನಮ್ಮ 14.2 ಕೆ.ಜಿ. ಸಿಲಿಂಡರ್ ಪೂರ್ತಿ ಉರಿಸಿದ್ರೂ ಸಿಗೋದು ಮೂರು ಲೀಟರ್ ಆಸುಪಾಸು! ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲು ಮೊದಲೇ ಸಿಹಿ, ಉರುವಲಿಗೆ ಅದರದ್ದೇ ಸಿಪ್ಪೆ ಇದೆ. ಮೇಪಲ್‌ಗೆ ಆ ಭಾಗ್ಯ ಇಲ್ಲ.

ಹಾಗಾಗಿ ದುಡ್ಡು ಉಳಿಸಬೇಕಾದ ಜಾಗ ಪಾತ್ರೆಯಲ್ಲ, ಕುದಿಸೋ ನೀರು. ಅತ್ಯಂತ ಅಗ್ಗದ ಉಪಾಯ ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿದ್ದದ್ದೇ: ರಾತ್ರಿ ಬಕೆಟ್‌ನಲ್ಲಿ ಕಟ್ಟಿದ ಮಂಜುಗಡ್ಡೆ ಬಹುಪಾಲು ನೀರು, ಎತ್ತಿ ಎಸೆದರೆ ಉಳಿದ ರಸ ಗಟ್ಟಿಯಾಗಿರುತ್ತೆ. ಎರಡನೆಯದು ಆರ್‌ಒ ಮೆಂಬ್ರೇನ್. ನಮ್ಮ ಮನೆಗಳಲ್ಲಿ ಚರಂಡಿಗೆ ಬಿಡೋ ಪೈಪಿದೆಯಲ್ಲ, ಇಲ್ಲಿ ಅದರಿಂದ ಬರೋದೇ ಮಾಲು. ಸಕ್ಕರೆ ಶೇ. 2ರಿಂದ 4ಕ್ಕೆ ಏರಿದ್ರೆ ಕುದಿಸೋ ಕೆಲಸ ಅರ್ಧ. ಆರ್‌ಒ ಬಳಸೋದು ಮೋಸ ಅನ್ನೋ ಸಂಪ್ರದಾಯಸ್ಥರೂ ಇದ್ದಾರೆ. ಆ ವಾದ ನಮಗೆ ಒಪ್ಪಿಗೆಯಿಲ್ಲ. ಬಣ್ಣ, ಘಮ ಬರೋದು ಕುದಿಯುವಾಗ, ಆ ಕುದಿ ಹೇಗೂ ಉಳಿದೇ ಇರುತ್ತೆ.

ಆದರೆ ಎರಡು ಕಡೆ ಜಿಪುಣತನ ಬೇಡ. ಹಳೇ ತಗಡಿನ ಬಕೆಟ್‌ಗಳ ಬೆಸುಗೆಯಲ್ಲಿ ಸೀಸ ಇರಬಹುದು; ಪುಕ್ಕಟೆ ಸಿಕ್ಕರೂ ಬಿಡಿ. ಇನ್ನೊಂದು ಒಳ್ಳೇ ಥರ್ಮಾಮೀಟರ್. ಅವತ್ತು, ಅದೇ ಜಾಗದಲ್ಲಿ ನೀರು ಎಷ್ಟಕ್ಕೆ ಕುದಿಯುತ್ತೋ ನೋಡಿ, ಅದಕ್ಕಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲೆ ಹದ. ಮೊದಲೇ ಇಳಿಸಿದ್ರೆ ಹುಳಿ ಬರುತ್ತೆ, ತಡವಾದ್ರೆ ಬಾಟಲಿಯಲ್ಲಿ ಸಕ್ಕರೆ ಹರಳು.

ಎಂಎಸ್‌ಗೆ ಆ ಕಡೆ ಹೊರಟ ಸೀನಿಯರ್‌ಗಳೇ, ಅಪಾರ್ಟ್‌ಮೆಂಟ್ ಅಡುಗೆಮನೆಯಲ್ಲಿ ಮಾತ್ರ ಕಾಯಿಸಬೇಡಿ. 39 ಲೀಟರ್ ಆವಿ ಗೋಡೆ ಮೇಲೆ ಇಳಿದರೆ ಅಡ್ವಾನ್ಸ್ ವಾಪಸ್ ಬರಲ್ಲ.